ಕಿವಿಯ ಜೊತೆ ಕಣ್ಣೂ

ಕಿವುಡು ಮಗು ಮಗ್ರಿಬ್ ಹೊತ್ತಿಗೆ ಎಡವತೊಡಗಿದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು "ದೃಷ್ಟಿ ತಾಗಿದೆ" ಎಂಬ ಮಾತು. ನನ್ನ ವಿದ್ಯಾರ್ಥಿನಿಯೊಬ್ಬಳಿಗೂ ತಾಯಿತ ಕಟ್ಟಿದರು. ತುಟಿ ನೋಡಿಯೇ ಪಾಠ ಕಲಿಯುತ್ತಿದ್ದ ಜಾಣೆ ಅವಳು. ಕಣ್ಣಿನ ವೈದ್ಯರು ಹೇಳಿದ್ದು ಅಶರ್ ಸಿಂಡ್ರೋಮ್. ಇದು ವಂಶದಿಂದ ಬರುವ ಕಾಯಿಲೆಯೆಂದು ಬ್ರಿಟನ್ನಿನ ನೇತ್ರವೈದ್ಯ ಚಾರ್ಲ್ಸ್ ಅಶರ್ 1914ರಲ್ಲೇ ಬರೆದಿದ್ದರು. ಮೊದಲು ಇರುಳುಗುರುಡು, ಆಮೇಲೆ ಅಂಚಿನಿಂದ ಕಿರಿದಾಗುತ್ತಾ ಬರುವ ನೋಟ.

ತಂದೆತಾಯಿ ಇಬ್ಬರಲ್ಲೂ ದೋಷವಿರುವ ಜೀನ್ ಅಡಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಮೂದಲಿಕೆ ಮಾತ್ರ ತಾಯಿಯೊಬ್ಬಳಿಗೆ! ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಈ ಸಾಧ್ಯತೆ ಹೆಚ್ಚು. ಚಿಕ್ಕಪ್ಪ, ಮಾವಂದಿರ ಮಕ್ಕಳೊಂದಿಗೆ ನಿಕಾಹ್‌ಗೆ ಶರೀಅತ್‌ನಲ್ಲಿ ಅನುಮತಿಯಿದೆ, ಆದೇಶವಿಲ್ಲ.

ಹುಟ್ಟು ಕಿವುಡಿರುವ ಮಗುವಿನ ರೆಟಿನಾ ಪರೀಕ್ಷೆ ಮಾಡಿಸಿ. ಪೂರ್ತಿ ಗುಣಪಡಿಸುವ ಮದ್ದಿಲ್ಲ, ನಿಜ. ಆದರೆ ನೋಟ ಉಳಿದಿರುವಾಗಲೇ ಬ್ರೈಲ್ ಕಲಿಸಬಹುದು.