ಯಾರಿಗೂ ಕಾಣದ ನಾಲ್ಕು ಕಿಲೋ

ಕಳೆದ ವೈಶಾಖದಲ್ಲಿ ಮದ್ದೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಧಾರೆ ಮುಗಿದು ಊಟದ ಪಂಕ್ತಿಗೆ ಕಾಯುತ್ತಾ ಕುಳಿತಿದ್ದಾಗ ಸೋದರತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿ, “ಅದೇನೋ ವಾಕಿಂಗು, ಡಯಟ್ಟು ಅಂತ ನಿಮ್ಮಮ್ಮ ಹೇಳ್ತಿದ್ಲು. ಏನೂ ಇಳಿದಂಗೇ ಕಾಣಲ್ವಲ್ಲೇ?” ಎಂದರು. ಪಕ್ಕದಲ್ಲಿದ್ದ ನಾಲ್ಕಾರು ಹೆಂಗಸರು ನಕ್ಕರು. ನಾನೂ ನಕ್ಕೆ.

ಹಿಂದಿನ ವರ್ಷವಾಗಿದ್ದರೆ ಆ ಮಾತಿಗೆ ಎಲೆಯ ಮೇಲಿನ ಒಬ್ಬಟ್ಟನ್ನು ಮುಟ್ಟದೆ ಎದ್ದು ಬರುತ್ತಿದ್ದೆ. ರಾತ್ರಿ ಮನೆಗೆ ಬಂದು ಅದರ ಎರಡರಷ್ಟು ತಿಂದು ಅಳುತ್ತಿದ್ದೆ. ಆದರೆ ಅವತ್ತು ನನ್ನಲ್ಲೊಂದು ಗುಟ್ಟಿತ್ತು. ಎಂಟು ತಿಂಗಳಲ್ಲಿ ನಾನು 4 ಕಿಲೋ 400 ಗ್ರಾಂ ಇಳಿದಿದ್ದೆ. 84 ಕಿಲೋ ಇದ್ದವಳು 79.6ಕ್ಕೆ ಬಂದಿದ್ದೆ. ಅಷ್ಟು ಇಳಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ಆ ನಾಲ್ಕು ಕಿಲೋ ನನ್ನೊಳಗೆ ಏನು ಮಾಡಿತ್ತು ಎಂದು ಹೇಳಬೇಕಾದರೆ ಕಥೆಯನ್ನು ನನ್ನ ಕತ್ತಿನಿಂದ ಶುರುಮಾಡಬೇಕು.

ನನಗಾಗ ಹದಿಮೂರು. ಕತ್ತಿನ ಹಿಂಭಾಗ ಕಪ್ಪಾಗತೊಡಗಿತು. ಮುಟ್ಟಿದರೆ ಚರ್ಮ ದಪ್ಪ, ಒರಟು. ಅಮ್ಮ ಪ್ರತಿ ಭಾನುವಾರ ಬಚ್ಚಲಲ್ಲಿ ಕೂರಿಸಿ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಳು. “ಹೆಣ್ಣುಮಗು, ಕತ್ತಲ್ಲಿ ಇಷ್ಟು ಕೊಳೆ ಕಟ್ಟಿಸ್ಕೊಂಡ್ರೆ ನೋಡಿದೋರು ಏನಂತಾರೆ?” ಎನ್ನುತ್ತಿದ್ದಳು. ಉಜ್ಜಿದ ಜಾಗ ಉರಿಯುತ್ತಿತ್ತು, ಕಪ್ಪು ಹೋಗುತ್ತಿರಲಿಲ್ಲ. ಕೊನೆಗೆ ನಾನು ಎರಡು ಜಡೆ ಬಿಟ್ಟು ಒಂದೇ ಜಡೆ ಹೆಣೆಯತೊಡಗಿದೆ. ಕತ್ತು ಮುಚ್ಚುತ್ತದಲ್ಲ, ಅದಕ್ಕೆ.

ಮುಟ್ಟು ಮೊದಲಿನಿಂದಲೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎರಡು ತಿಂಗಳಿಗೊಮ್ಮೆ, ಒಮ್ಮೊಮ್ಮೆ ನಾಲ್ಕು ತಿಂಗಳಿಗೊಮ್ಮೆ. “ಮದುವೆ ಆದ್ರೆ ಸರಿಹೋಗುತ್ತೆ” ಎಂದರು ಮನೆಯವರು. ಗಲ್ಲದ ಮೇಲೆ ನಾಲ್ಕು ಕೂದಲು ಬಂದಾಗ ಕನ್ನಡಿಯ ಮುಂದೆ ಚಿಮಟ ಹಿಡಿದು ನಿಲ್ಲುವುದು ಅಭ್ಯಾಸವಾಯಿತು. ಡಿಗ್ರಿ ಓದುವಾಗ ಒಬ್ಬ ವೈದ್ಯರ ಬಳಿ ಹೋದೆವು. ಸ್ಕ್ಯಾನ್ ಮಾಡಿಸಿ, “ಪಿಸಿಒಎಸ್. ಅಂಡಾಶಯದಲ್ಲಿ ನೀರುಗುಳ್ಳೆ ಇದೆ. ತೂಕ ಇಳಿಸಿ ಬಾ, ಎಲ್ಲ ಸರಿಹೋಗುತ್ತೆ” ಎಂದು ಮಾತ್ರೆ ಬರೆದುಕೊಟ್ಟರು. ಎರಡು ನಿಮಿಷದಲ್ಲಿ ಮಾತು ಮುಗಿಯಿತು. ತೂಕ ಇಳಿಸಿ ಬಾ ಎನ್ನುವುದು, ಅಂಗಡಿಗೆ ಹೋಗಿ ಸಕ್ಕರೆ ತಗೊಂಡು ಬಾ ಎಂದಷ್ಟು ಸುಲಭವಾಗಿ ಕೇಳಿಸಿತ್ತು.

ಮುಂದಿನ ಹದಿನಾಲ್ಕು ವರ್ಷ ನಾನು ಮಾಡದ ಪ್ರಯೋಗವಿಲ್ಲ. ಬೆಳಗ್ಗೆ ಬಿಸಿನೀರಿಗೆ ನಿಂಬೆ, ಜೇನು. ಆಮೇಲೆ ಜೀರಿಗೆ ನೀರು. ಆಮೇಲೆ ಹಸಿರು ಚಹಾ. ಒಂದು ವಾರ ಬರೀ ಹಣ್ಣು. ನಡುವೆ ಮದುವೆಯಾಯಿತು, ಮಾತ್ರೆ ಚಿಕಿತ್ಸೆಗಳ ನಂತರ ಮಗ ಹುಟ್ಟಿದ, ತೂಕ ಇನ್ನಷ್ಟು ಏರಿತು. ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು, ರಾತ್ರಿಯ ಊಟವನ್ನೇ ಬಿಟ್ಟದ್ದು. ಹಗಲು ಎರಡು ಚಪಾತಿ, ಸೌತೆಕಾಯಿ, ಅಷ್ಟೆ. ಎರಡು ತಿಂಗಳಲ್ಲಿ 82ರಿಂದ 75ಕ್ಕೆ ಇಳಿದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳಿದರು. ಆದರೆ ಸ್ನಾನದ ಮನೆಯ ಜಾಲರಿಯಲ್ಲಿ ದಿನಾ ಕೂದಲಿನ ಉಂಡೆ ಸಿಗುತ್ತಿತ್ತು. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಬೋರ್ಡಿನ ಅಕ್ಷರ ತೇಲುತ್ತಿತ್ತು. ಮಗ ಒಂದು ಲೋಟ ಹಾಲು ಚೆಲ್ಲಿದ್ದಕ್ಕೆ ಅವನ ಬೆನ್ನಿಗೆ ಬಾರಿಸಿದೆ. ದಸರಾ ರಜೆಗೆ ಊರಿಗೆ ಹೋದಾಗ ಅಮ್ಮ ಬಡಿಸಿದ ಮೊದಲ ತುತ್ತಿಗೇ ನನ್ನ ಹಟವೆಲ್ಲ ಮುರಿದುಬಿತ್ತು. ಹೋದ ಏಳು ಕಿಲೋ, ಸಾಲಕ್ಕೆ ಬಡ್ಡಿ ಸೇರಿಸಿ ವಸೂಲಿ ಮಾಡಿದ ಹಾಗೆ, ಒಂಬತ್ತಾಗಿ ಮರಳಿತು.

ಅದಾದ ಮೇಲೆ ಐದು ತಿಂಗಳು ಮುಟ್ಟೇ ಬರಲಿಲ್ಲ. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆಯೇ. ನನ್ನ ಅಪ್ಪ ಸಕ್ಕರೆ ಕಾಯಿಲೆಯಿಂದ ಕಾಲಿನ ಹೆಬ್ಬೆರಳು ಕಳೆದುಕೊಂಡವರು. ಆ ವರದಿಯನ್ನು ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ.

ಈ ಸಲ ಹೋದದ್ದು ಬೇರೆ ವೈದ್ಯರ ಬಳಿ, ಹಾರ್ಮೋನು ತಜ್ಞೆ. ಆಕೆ ವರದಿಗಳನ್ನು ಪಕ್ಕಕ್ಕಿಟ್ಟು, “ಸ್ವಲ್ಪ ಜಡೆ ಎತ್ತಿ” ಎಂದರು. ನಾಚಿಕೆಯಿಂದ, “ಎಷ್ಟು ತೊಳೆದರೂ ಹೋಗಲ್ಲ ಡಾಕ್ಟರ್” ಎಂದೆ.

“ಇದು ಕೊಳೆಯಲ್ಲ. ನಿಮ್ಮ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದೆ ಅಂತ ಚರ್ಮ ಬರೆದಿಟ್ಟಿರೋ ಚೀಟಿ. ಇಪ್ಪತ್ತು ವರ್ಷದಿಂದ ಬರೆದಿಟ್ಟಿದೆ, ಯಾರೂ ಓದಿಲ್ಲ” ಎಂದರು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ವೃತ್ತವೊಂದನ್ನು ಬರೆದರು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದು ಜೀವಕೋಶದ ಒಳಗೆ ಹೋಗಲು ಬಾಗಿಲು ತೆಗೆಯುವ ಬೀಗದಕೈ ಇನ್ಸುಲಿನ್. ಈ ತೊಂದರೆ ಇರುವ ಬಹಳ ಮಂದಿಯಲ್ಲಿ ಬೀಗ ತುಕ್ಕು ಹಿಡಿದಿರುತ್ತದೆ, ಒಂದು ತಿರುವಿಗೆ ತೆರೆಯುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಕಳಿಸುತ್ತದೆ. ಹೆಚ್ಚಾದ ಇನ್ಸುಲಿನ್ ಕೊಬ್ಬನ್ನು ಕೂಡಿಡಿಸುತ್ತದೆ, ಅಂಡಾಶಯಕ್ಕೆ ಹೋಗಿ ಪುರುಷ ಹಾರ್ಮೋನನ್ನು ಹೆಚ್ಚು ಮಾಡಿಸುತ್ತದೆ. ಅದರಿಂದ ಗಲ್ಲದ ಕೂದಲು, ಮೊಡವೆ. ಅಂಡಾಣು ಸರಿಯಾಗಿ ಬಲಿತು ಹೊರಬರುವುದಿಲ್ಲ, ಮುಟ್ಟು ತಪ್ಪುತ್ತದೆ. ಸ್ಕ್ಯಾನಿನಲ್ಲಿ ಕಾಣುವ ‘ನೀರುಗುಳ್ಳೆ’ಗಳು ನಿಜವಾದ ಗುಳ್ಳೆಗಳಲ್ಲ, ಅರ್ಧಕ್ಕೇ ನಿಂತುಹೋದ ಅಂಡಾಣುವಿನ ಕೋಶಗಳು. ಇತ್ತ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದಷ್ಟೂ ಬೀಗ ಇನ್ನಷ್ಟು ತುಕ್ಕು ಹಿಡಿಯುತ್ತದೆ. ವೃತ್ತ ಸುತ್ತುತ್ತಲೇ ಇರುತ್ತದೆ.

“ಹಾಗಾದರೆ ನಾನು ಬಾಯಿ ಕಟ್ಟದೆ ಇದ್ದದ್ದಕ್ಕೆ ಬಂದದ್ದಲ್ಲವಾ?” ಎಂದು ಕೇಳಿದೆ. ಕೇಳುವಾಗ ಗಂಟಲು ಕಟ್ಟಿತ್ತು.

“ಅಲ್ಲ. ತೆಳ್ಳಗಿರುವ ಹುಡುಗಿಯರಿಗೂ ಬರುತ್ತೆ. ಷಿಕಾಗೋದ ಸ್ಟೈನ್, ಲೆವೆಂಥಾಲ್ ಅನ್ನೋ ವೈದ್ಯರು 1935ರಲ್ಲೇ ಇದನ್ನ ವಿವರಿಸಿ ಬರೆದಿದ್ದಾರೆ. ಅದರಲ್ಲೂ ಎಲ್ಲರೂ ದಪ್ಪ ಇರಲಿಲ್ಲ. ನಿಮ್ಮ ತಪ್ಪಲ್ಲ, ಆದರೆ ಕೆಲಸ ನಿಮ್ಮದೇ” ಎಂದರು.

ಹಾಗೆ ನನಗೆ ಯಾರೂ ಹೇಳಿರಲಿಲ್ಲ. ಎಷ್ಟು ಇಳಿಸಬೇಕು ಎಂದು ಕೇಳಿದೆ. ಎತ್ತರಕ್ಕೆ ತಕ್ಕಂತೆ 25 ಕಿಲೋ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು, “ಮೊದಲು ನೂರಕ್ಕೆ ಐದು. ನಿಮ್ಮ ಲೆಕ್ಕದಲ್ಲಿ 4 ಕಿಲೋ 200 ಗ್ರಾಂ. ನಿಧಾನಕ್ಕೆ” ಎಂದರು. ಗಣಿತದ ಮೇಷ್ಟ್ರಾದ ನಾನೇ ಬೆರಳು ಮಡಿಸಿ ಮತ್ತೆ ಲೆಕ್ಕ ಹಾಕಿದೆ. ಅಷ್ಟೇನಾ? ಅಷ್ಟಕ್ಕೇ ಎಷ್ಟೋ ಜನರಲ್ಲಿ ಇನ್ಸುಲಿನ್ ತಗ್ಗಿ ಮುಟ್ಟು ಹಾದಿಗೆ ಬರುತ್ತದಂತೆ. ಇನ್ನೊಂದು ಮಾತನ್ನು ಒತ್ತಿ ಹೇಳಿದರು. ಮುಟ್ಟು ಮೂರು ತಿಂಗಳ ಮೇಲೆ ನಿಂತರೆ ಸುಮ್ಮನೆ ಕೂರಬಾರದು, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಪರೀಕ್ಷೆ ಮಾಡಿ, ಮುಟ್ಟು ಬರಿಸಲು ಮೊದಲು ಮಾತ್ರೆ ಕೊಟ್ಟರು. ಜೊತೆಗೆ ಮೆಟ್‌ಫಾರ್ಮಿನ್. ಅಪ್ಪನ ಡಬ್ಬಿಯಲ್ಲಿ ನೋಡಿದ್ದ ಅದೇ ಮಾತ್ರೆ. ತೂಕ ಇಳಿಸುವ ಮಾತ್ರೆಯಲ್ಲ ಅದು, ಬೀಗಕ್ಕೆ ಎಣ್ಣೆ ಬಿಡುವಂಥದ್ದು. ಮೊದಲ ಮೂರು ವಾರ ಹೊಟ್ಟೆ ಕೆಟ್ಟು, ಪಾಠದ ನಡುವೆ ಎದ್ದು ಓಡಿದ್ದೂ ಉಂಟು. ಊಟದ ಜೊತೆಗೇ ನುಂಗತೊಡಗಿದ ಮೇಲೆ ಸರಿಹೋಯಿತು.

ಊಟದ ವಿಷಯಕ್ಕೆ ಬಂದಾಗ ನಾನು ಮತ್ತೆ ಸೌತೆಕಾಯಿಗೆ ಸಿದ್ಧಳಾಗಿದ್ದೆ. ಆಹಾರತಜ್ಞೆ ನಮ್ಮ ಮನೆಯ ಅಡುಗೆಯನ್ನೇ ಕೇಳಿ ಬರೆದುಕೊಂಡರು. ಯಾವುದನ್ನೂ ಬಿಡಿಸಲಿಲ್ಲ, ಜಾಗ ಬದಲಿಸಿದರು. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಕಾಳೋ ಮೊಟ್ಟೆಯೋ ಮೀನೋ. ಉಳಿದ ಕಾಲು ಭಾಗದಲ್ಲಿ ಅನ್ನ ಅಥವಾ ಮುದ್ದೆ. “ರಾಗಿ ಅಲ್ವಾ, ಎಷ್ಟು ತಿಂದ್ರೂ ಏನೂ ಆಗಲ್ಲ” ಎಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಮುದ್ದೆ ಇರಲಿ, ನನ್ನ ಮುಷ್ಟಿಯಷ್ಟೇ ಇರಲಿ. ಬಸ್ಸಾರಿನ ಸೊಪ್ಪು, ಕಾಳಿನ ಪಲ್ಯ ಮೊದಲು ಪಕ್ಕದಲ್ಲಿ ಒಂದು ಚಮಚ ಇರುತ್ತಿತ್ತು, ಈಗ ತಟ್ಟೆಯ ನಡುವೆ ಬಂತು. ಹುರುಳಿ, ಅಲಸಂದೆ, ಹೆಸರು ಮೊಳಕೆ ಬಂದವು. ರಾತ್ರಿ ಊಟ ಬಿಡುವುದು ಬೇಡ, ಎಂಟು ಗಂಟೆಯೊಳಗೆ ಮುಗಿಸಿದರೆ ಸಾಕು ಎಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು, ಅಪರಾಧಿ ಅನ್ನಿಸದೆ ಮಲಗಿದೆ.

ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ. ಮೊದಲ ವಾರ ಕಾಲೇಜು ಹುಡುಗಿಯರು ಓಡಿಕೊಂಡು ನನ್ನನ್ನು ದಾಟಿದಾಗ ನೆರಳಿನ ಕಡೆ ಸರಿದು ನಿಲ್ಲುತ್ತಿದ್ದೆ. ಆಮೇಲೆ ನೀರಿನ ಮೇಲಿನ ಹಕ್ಕಿಗಳನ್ನು ನೋಡುತ್ತಾ ಅದು ಮರೆತುಹೋಯಿತು. ನಡಿಗೆಯ ಜೊತೆಗೆ ಸ್ನಾಯು ಗಟ್ಟಿಯಾಗಬೇಕು, ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುವುದೇ ಸ್ನಾಯು ಎಂದು ವೈದ್ಯೆ ಹೇಳಿದ್ದರು. ಜಿಮ್ಮಿಗೆ ಹೋಗುವ ಧೈರ್ಯವಿರಲಿಲ್ಲ. ನಮ್ಮ ಕಾಲದಲ್ಲಿ ಮೇಷ್ಟ್ರು ಶಿಕ್ಷೆಗೆಂದು ಹೊಡೆಸುತ್ತಿದ್ದ ಬಸ್ಕಿಯೇ ಸಾಕಾಯಿತು. ಗಂಡ ಸೋಫಾದಲ್ಲಿ ಕೂತು ಎಣಿಸುವುದು, ಮಗ ಪಕ್ಕದಲ್ಲಿ ನಿಂತು ತಾನೂ ಹೊಡೆಯುವುದು. “ಅಮ್ಮ, ನೀನು ಹೋಮ್‌ವರ್ಕ್ ಮಾಡಿಲ್ವಾ?” ಎಂದು ಅವನು ಕೇಳಿದಾಗ ನಕ್ಕು ನಕ್ಕು ಎಣಿಕೆ ತಪ್ಪಿತು.

ಹೀಗೆ ಹೇಳಿದರೆ ಎಲ್ಲ ಸಲೀಸಾಗಿ ನಡೆಯಿತು ಎನ್ನಿಸಬಹುದು. ಇಲ್ಲ. ಎರಡು ತಿಂಗಳಲ್ಲಿ ಒಂದೂವರೆ ಕಿಲೋ ಇಳಿದು, ಆಮೇಲೆ ಐದು ವಾರ ತೂಕದ ಯಂತ್ರದ ಮುಳ್ಳು ಅಲ್ಲಾಡಲಿಲ್ಲ. ಜೊತೆಗೇ ನಡಿಗೆ ಶುರುಮಾಡಿದ್ದ ಗೆಳತಿ ಅಷ್ಟರಲ್ಲಿ ಆರು ಕಿಲೋ ಇಳಿದಿದ್ದಳು. ಅದೇ ದಾರಿ, ಅದೇ ಸಮಯ. ಒಂದು ಸಂಜೆ ಬೇಕರಿಯಿಂದ ಅರ್ಧ ಕಿಲೋ ಮೈಸೂರು ಪಾಕು ತಂದು, ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತು ಏಳು ತುಂಡು ತಿಂದೆ. ಗಂಡ ಬಂದು ನೋಡಿದರು. ಏನೂ ಹೇಳದೆ ಒಂದು ತುಂಡು ತಾವೂ ಬಾಯಿಗೆ ಹಾಕಿಕೊಂಡು, ತೂಕದ ಯಂತ್ರವನ್ನು ಎತ್ತಿ ಅಟ್ಟದ ಮೇಲಿಟ್ಟರು. “ತಿಂಗಳಿಗೊಂದು ಸಲ ಇಳಿಸಿಕೊಡ್ತೀನಿ. ನಾಳೆ ಬೆಳಗ್ಗೆ ಕೆರೆಗೆ ನಾನೂ ಬರ್ತೀನಿ” ಎಂದರು.

ಯಂತ್ರ ಕಾಣದಾದ ಮೇಲೆ ಬೇರೆ ಗುರುತುಗಳು ಕಾಣತೊಡಗಿದವು. ಮೂರನೇ ಮಹಡಿಯ ತರಗತಿಗೆ ಹತ್ತಿದರೂ ಪಾಠ ಶುರುಮಾಡಲು ಉಸಿರು ಉಳಿದಿರುತ್ತಿತ್ತು. ಊಟವಾದ ಮೇಲೆ ತೂಕಡಿಕೆ ಬರುತ್ತಿರಲಿಲ್ಲ. ರವಿಕೆ ಹೊಲಿಯುವ ಟೈಲರ್ ಟೇಪು ಹಿಡಿದು, “ಮೇಡಂ, ಈ ಸಲ ಒಂದು ಹೊಲಿಗೆ ಒಳಗೆ ಹಾಕ್ಬೇಕಾಗುತ್ತೆ” ಎಂದರು. ಡಿಸೆಂಬರ್ 19ರ ಬೆಳಗ್ಗೆ, ಮಾತ್ರೆಯ ಒತ್ತಾಯವಿಲ್ಲದೆ, ತಾನಾಗಿಯೇ ಮುಟ್ಟು ಬಂತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಮುಂದಿನದು 44 ದಿನಕ್ಕೆ, ಅದರ ಮುಂದಿನದು 39ಕ್ಕೆ, ಆಮೇಲೆ 36ಕ್ಕೆ. ಎಚ್‌ಬಿಎ1ಸಿ 5.7ಕ್ಕೆ ಬಂತು. ಹೊಸ್ತಿಲಿನ ಮೇಲೆಯೇ ಇದ್ದೇನೆ, ಆದರೆ ಹೆಜ್ಜೆ ಹೊರಕ್ಕೆ ತಿರುಗಿದೆ.

ಮದುವೆ ಮುಗಿದ ರಾತ್ರಿ ಅಮ್ಮನ ಪಕ್ಕ ಮಲಗಿದ್ದೆ. ಸೋದರತ್ತೆಯ ಮಾತು ಅವಳ ಕಿವಿಗೂ ಬಿದ್ದಿತ್ತು. “ಬೇಜಾರು ಮಾಡ್ಕೋಬೇಡ ಕಣೆ” ಎಂದಳು. ನನಗೆ ಬೇಜಾರಿರಲಿಲ್ಲ. ಆಗ ಅವಳಿಗೆ ಕತ್ತಿನ ವಿಷಯ ಹೇಳಿದೆ. ಅದು ಕೊಳೆಯಾಗಿರಲಿಲ್ಲ ಎಂದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಕತ್ತಲಲ್ಲಿ ಅವಳ ಕೈ ನನ್ನ ಜಡೆಯನ್ನು ಸರಿಸಿ ಕತ್ತಿನ ಮೇಲೆ ಬಂತು.

“ಗದ್ದೆ ಕೆಲಸ ಮಾಡಿದ ಕೈ. ಎಷ್ಟು ಗಟ್ಟಿಯಾಗಿ ಉಜ್ಜಿಬಿಟ್ಟೆ” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ನಿಮ್ಮಪ್ಪನ ಕತ್ತೂ ಹಿಂಗೇ ಇತ್ತಲ್ಲ. ಬಿಸಿಲಿಗೆ ಅಂದ್ಕೊಂಡಿದ್ದೆ” ಎಂದಳು.

ಜೂನಿನಲ್ಲಿ ಶಾಲೆ ಶುರುವಾಯಿತು. ಎಂಟನೇ ತರಗತಿಯ ಎರಡನೇ ಬೆಂಚಿನಲ್ಲಿ ಒಂದು ಹುಡುಗಿ. ಸೆಖೆಯಲ್ಲೂ ಕತ್ತಿಗೆ ಕರ್ಚೀಫು ಸುತ್ತಿಕೊಂಡೇ ಬರುತ್ತಾಳೆ. ಪಕ್ಕದಲ್ಲಿ ನಿಂತು ಲೆಕ್ಕ ತಿದ್ದುವಾಗ ಕರ್ಚೀಫಿನ ಅಂಚಿನಲ್ಲಿ ನನಗೆ ಗುರುತಿರುವ ಬಣ್ಣ ಕಂಡಿತು. ಕಪ್ಪು ಕತ್ತೆಲ್ಲ ಪಿಸಿಒಎಸ್ ಅಲ್ಲ, ಆ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವುದೂ ಸಹಜ, ಅದನ್ನೆಲ್ಲ ಹೇಳಬೇಕಾದವರು ವೈದ್ಯರು. ತರಗತಿಯಲ್ಲಿ ಏನೂ ಕೇಳಲಿಲ್ಲ. ಪೋಷಕರ ಸಭೆಯ ದಿನ ಅವಳ ತಾಯಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ.

“ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ ಮಿಸ್. ಯಾವ ಸೋಪು ಹಾಕ್ಲಿ ಹೇಳಿ” ಎಂದರು ಆಕೆ.

“ಸೋಪು ಬೇಡಮ್ಮ, ಉಜ್ಜೋದನ್ನ ನಿಲ್ಲಿಸಿ. ಒಂದು ಸಲ ಡಾಕ್ಟರಿಗೆ ತೋರಿಸಿ, ಸಕ್ಕರೆ ಪರೀಕ್ಷೆ ಮಾಡಿಸಿ” ಎಂದೆ. ಮತ್ತೆ ನನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ತಿರುಗಿ, ನನ್ನ ಕತ್ತನ್ನು ಆಕೆಗೆ ತೋರಿಸಿದೆ.