ಸುತ್ತಿಗೆ ಹೇಳಿತು, ಸಮ್ಮಟಿಗೆ ಕೇಳಿತು

ನಮ್ಮೂರ ಕುಲುಮೆಯಲ್ಲಿ ಒಂಟಿ ಸದ್ದು ಕೇಳಿಸುತ್ತಿದ್ದುದು ಅಪರೂಪ. ಅಡಿಗಲ್ಲಿನ ಈಚೆ ಆಚಾರಿ ಕೂತು, ಎಡಗೈಯ ಇಕ್ಕಳದಲ್ಲಿ ಕೆಂಪಗೆ ಕಾದ ನೇಗಿಲ ಕುಳ ಹಿಡಿದಿರುತ್ತಿದ್ದರು. ಬಲಗೈಯಲ್ಲಿ ಸಣ್ಣ ಸುತ್ತಿಗೆ. ಎದುರಿಗೆ ಅವರ ಹೆಂಡತಿ ಸೆರಗು ಬಿಗಿದು ಸಮ್ಮಟಿಗೆ ಎತ್ತಿ ನಿಂತಿರುತ್ತಿದ್ದರು. ಸುತ್ತಿಗೆ ಟಿಣ್ ಅಂದ ಜಾಗಕ್ಕೇ ಸಮ್ಮಟಿಗೆ ಧಣ್ ಅಂತ ಬೀಳಬೇಕು. ಕಬ್ಬಿಣವನ್ನು ಬಗ್ಗಿಸುವ ಬಲವೆಲ್ಲ ದೊಡ್ಡದರದ್ದು. ಎಲ್ಲಿಗೆ, ಎಷ್ಟು ಜೋರಾಗಿ ಅನ್ನುವುದು ಚಿಕ್ಕದರ ಮಾತು. ಸಾಕು ಅನ್ನುವುದಕ್ಕೂ ಆಚಾರಿ ಬಾಯಿ ತೆರೆಯುತ್ತಿರಲಿಲ್ಲ. ಸುತ್ತಿಗೆಯನ್ನು ಬರಿಯ ಅಡಿಗಲ್ಲಿನ ಮೇಲೆ ಒಮ್ಮೆ ಕುಣಿಸಿದರೆ ಮುಗಿಯಿತು, ಮುಂದಿನ ಪೆಟ್ಟು ಬೀಳುತ್ತಿರಲಿಲ್ಲ.

ನಾವು ಹುಡುಗರು ತಿದಿ ಒತ್ತಲು ಪಾಳಿ ಕಾಯುತ್ತಿದ್ದೆವು. ಮುಂಗಾರಿಗೆ ಮುಂಚೆ ಕುಲುಮೆಯ ಮುಂದೆ ಗುದ್ದಲಿ, ಕುಳ, ಕುಡುಗೋಲುಗಳ ರಾಶಿ. ಅಲ್ಲಿ ಯಾವ ಕೆಲಸಕ್ಕೂ ‘ರಿಪೇರಿ’ ಅನ್ನುತ್ತಿರಲಿಲ್ಲ. ಗುದ್ದಲಿಯನ್ನು ಹಣಿಸಬೇಕು, ಕುಡುಗೋಲಿಗೆ ಕಕ್ಕು ಹಾಕಿಸಬೇಕು, ತಟ್ಟಿ ಮುಗಿಸಿದ ಕುಳಕ್ಕೆ ನೀರು ಕುಡಿಸಬೇಕು. ಚುಂಯ್ ಎನ್ನುವ ಆ ಸದ್ದಿಗಾಗಿಯೇ ನಾವು ಸ್ಕೂಲಿನಿಂದ ನೇರ ಅಲ್ಲಿಗೆ ಓಡುತ್ತಿದ್ದುದು. ದುಡ್ಡು ಕೈ ಬದಲಾಯಿಸಿದ್ದನ್ನು ಹೆಚ್ಚು ಕಂಡವರಲ್ಲ ನಾವು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಚಾರಿ ತಮ್ಮ ಆಯದ ರಾಗಿ ಅಳೆಸಿಕೊಂಡು ಹೋಗುತ್ತಿದ್ದರು. ವರ್ಷವಿಡೀ ದುಡಿದ ಆ ಇಬ್ಬರಿಗೆ ಅಷ್ಟು ರಾಗಿ ಏನೇನೂ ಸಾಲದು ಎಂದು ಈಗ ಅನ್ನಿಸುತ್ತದೆ.

ಊರಿಗೆ ಊರೇ ಸೇರುತ್ತಿದ್ದುದು ಮಾತ್ರ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವ ದಿನ. ಮೊದಲಿಗೆ ಬಡಗಿಯ ಕೆಲಸ. ಗುಂಬಕ್ಕೆ ಅರಕಾಲುಗಳನ್ನು ಕೂರಿಸುವಾಗ ಅವರು ಕಬ್ಬಿಣ ಮುಟ್ಟುತ್ತಿರಲಿಲ್ಲ. ಕಬ್ಬಿಣದ ಪೆಟ್ಟಿಗೆ ಮರ ಸೀಳುತ್ತದೆ. ಅದಕ್ಕೆ ಮರದ ಕೊಡತಿಯೇ ಆಗಬೇಕು. ಹೊಲದಲ್ಲಿ ಹೆಂಟೆ ಒಡೆಯುವುದಕ್ಕೂ ಕೊಡತಿ ಇತ್ತು, ಅದರ ಹಿಡಿ ಉದ್ದ. ಚಕ್ರ ಸಿದ್ಧವಾದ ಮೇಲೆ ಕಮ್ಮಾರರ ಸರದಿ. ಕಬ್ಬಿಣದ ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ಒಂದಿಷ್ಟು ಕಿರಿದಾಗಿಯೇ ಬಗ್ಗಿಸಿ ಬೆಸೆದಿರುತ್ತಿದ್ದರು. ಅದನ್ನು ಬಯಲಲ್ಲಿ ಕಲ್ಲುಗಳ ಮೇಲಿಟ್ಟು, ಸುತ್ತಲೂ ಬೆರಣಿ ಒಟ್ಟಿ ಬೆಂಕಿ ಕೊಡುತ್ತಿದ್ದರು. ಕಾದ ಪಟ್ಟಿ ಹಿಗ್ಗಿ ಕೆಂಪೇರಿದಾಗ ಮೂರ್ನಾಲ್ಕು ಜನ ಉದ್ದನೆಯ ಇಕ್ಕಳಗಳಲ್ಲಿ ಎತ್ತಿ ತಂದು, ಮಲಗಿಸಿದ ಚಕ್ರದ ಮೇಲೆ ಇಳಿಸುತ್ತಿದ್ದರು. ಮರ ಭುಗ್ಗೆಂದು ಹೊತ್ತಿಕೊಳ್ಳುತ್ತಿತ್ತು. ಹೊಗೆಯಲ್ಲಿ ಮುಖವೇ ಕಾಣದು, ಸಮ್ಮಟಿಗೆಗಳು ಮಾತ್ರ ಸುತ್ತ ಒಂದಾದ ಮೇಲೊಂದು ಬೀಳುತ್ತಿದ್ದವು. ‘ನೀರು, ನೀರು’ ಎಂಬ ಕೂಗು ಎದ್ದಾಗ ಕೊಡ ಹಿಡಿದು ಕಾದಿದ್ದ ನಾವೆಲ್ಲ ನುಗ್ಗುತ್ತಿದ್ದೆವು. ಪಟ್ಟಿ ತಣಿದು ಕುಗ್ಗುವಾಗ ಕೀಲುಗಳೆಲ್ಲ ಕಿರುಗುಟ್ಟಿ ಒಂದಕ್ಕೊಂದು ಬಿಗಿದುಕೊಳ್ಳುವುದು ಕಿವಿಗೆ ಕೇಳುತ್ತಿತ್ತು. ಆಮೇಲೆ ವಿಜ್ಞಾನದ ಮೇಷ್ಟ್ರು ಶಾಖಕ್ಕೆ ಲೋಹ ಹಿಗ್ಗುತ್ತದೆ ಎಂದು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನವರೂ ಕೈ ಎತ್ತಿದ್ದೆವು.

ಬಂಡೆಯ ಕಡೆಗೆ ಹೋದರೆ ಇನ್ನೊಂದು ಬಗೆ. ಕಲ್ಲಿನ ಮೇಲೆ ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಸರದಿಯ ಮೇಲೆ ಹೊಡೆಯುತ್ತ ಹೋಗುವುದು. ಕಣಕಣ ಎನ್ನುತ್ತಿದ್ದ ಕಲ್ಲು ಇದ್ದಕ್ಕಿದ್ದಂತೆ ಡೊಬ್ ಅಂದರೆ ಸೀಳು ಒಳಗೆ ಓಡಿತು ಎಂದರ್ಥ.

ಇನ್ನು ಒನಕೆ. ಒಂದೇ ಒರಳಿಗೆ ಎದುರುಬದುರಾಗಿ ಇಬ್ಬರು, ಹಬ್ಬ ಹತ್ತಿರವಿದ್ದರೆ ಮೂವರು. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಹಾಡು ಇದ್ದದ್ದು ಮನರಂಜನೆಗೊಂದೇ ಅಲ್ಲ, ಆ ತಾಳವನ್ನು ಹಿಡಿದಿಡುವುದಕ್ಕೆ. 1972ರ ‘ನಾಗರಹಾವು’ ನಮ್ಮ ಕಡೆಯ ಟೆಂಟಿಗೆ ಬಂದಾಗ ಓಬವ್ವನಾಗಿ ಜಯಂತಿ ಒನಕೆ ಎತ್ತಿದ್ದನ್ನು ಕಂಡು ಹೆಂಗಸರೆಲ್ಲ ಎದ್ದು ನಿಂತಿದ್ದರು. ಆ ತೂಕ ಗಂಡಸರಿಗಿಂತ ಚೆನ್ನಾಗಿ ಅವರ ರಟ್ಟೆಗೆ ಗೊತ್ತಿತ್ತು. ಮಾರನೆಯ ದಿನದಿಂದ ನಮ್ಮ ವಾರಿಗೆಯ ಹುಡುಗಿಯರ ಕೈಗೆ ಒನಕೆ ಸಿಗದಂತೆ ಅಜ್ಜಿಯರು ಅಟ್ಟಕ್ಕೇರಿಸಿದರು!

ಪೆಟ್ಟಿನಲ್ಲೂ ಎಷ್ಟು ಬಗೆ ಇತ್ತು ಮನೆಯೊಳಗೆ! ಅವಲಕ್ಕಿ ಕುಟ್ಟುವುದು, ಶುಂಠಿ ಜಜ್ಜುವುದು, ರೊಟ್ಟಿ ತಟ್ಟುವುದು, ಗೂಟ ಬಡಿಯುವುದು, ಅಂಗಳಕ್ಕೆ ದಿಮ್ಮಸು ಹಾಕುವುದು. ಒಂದರ ಜಾಗದಲ್ಲಿ ಇನ್ನೊಂದನ್ನು ಆಡಿದರೆ ಅಜ್ಜಿ ಅಲ್ಲೇ ತಿದ್ದುತ್ತಿದ್ದಳು. ಹಲ್ಲಿಲ್ಲದ ಅವಳ ಎಲೆ ಅಡಿಕೆಗೆ ಪುಟ್ಟ ಕುಟ್ಟಾಣಿಯೇ ಬೇರೆ.

ಅಕ್ಕಿಯ ಗಿರಣಿ ಬಂದಾಗ ಹೆಂಗಸರ ತೋಳಿಗೆ ಬಿಡುವು ಸಿಕ್ಕಿತು, ಅದು ಬರಲೇಬೇಕಿತ್ತು. ಟೈರಿನ ಗಾಡಿ ಬಂದಾಗ ಮಾತ್ರ ನಮಗೆಲ್ಲ ಸಂಕಟವಾಯಿತು.

ಈಗಲೂ ಹಳೆಯ ಹಾಸ್ಟೆಲಿನವರು ಸೇರಿದರೆ ಈ ಹೆಸರುಗಳ ಮೇಲೆ ವಾದ ಶುರುವಾಗುತ್ತದೆ. ಸಮ್ಮಟಿಗೆ ಅಂತ ನಾವು, ಘಣ ಅಂತ ಹುಬ್ಬಳ್ಳಿ ಕಡೆಯವರು. ಕೊನೆಗೆ ಯಾರಾದರೂ 1894ರ ಕಿಟೆಲ್ ನಿಘಂಟನ್ನು ಎಳೆದು ತರುತ್ತಾರೆ. ಕಳೆದ ಸಲ ಆ ಕಡೆಯ ಗೆಳೆಯ ಅದರ ಪುಟ ತೆರೆಯಲೇ ಬಿಡಲಿಲ್ಲ. ‘ಪುಸ್ತಕ ಬಾಜೂಕಿಡ್ರಿ,’ ಅಂದ, ‘ನಮ್ಮನ್ಯಾಗ ಘಣ ಎತ್ತಾಕಿ ನಮ್ಮವ್ವನ ಇದ್ಲು.’