ದುಡ್ಡು ಕೊಟ್ಟು ತಿಂದ ಸೀತನಿ

ಪುಣೆಯಲ್ಲಿ ಚಳಿ ಬಿತ್ತೆಂದರೆ ವಾಟ್ಸಪ್ ಗುಂಪುಗಳಲ್ಲಿ ‘ಹುರ್ಡಾ ಪಾರ್ಟಿ’ಯ ಜಾಹೀರಾತು ಶುರುವಾಗುತ್ತದೆ. ಹುರ್ಡಾ ಅಂದರೆ ನಮ್ಮ ವಿಜಾಪುರ ಕಡೆಯ ಸೀತನಿ: ಹಾಲುಗಾಳು ದಾಟಿ ಇನ್ನೂ ಗಟ್ಟಿಯಾಗದ ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನುವುದು. ಪುಣೆಯ ಸುತ್ತಲಿನ ತೋಟಗಳವರು ಇದಕ್ಕೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ಸವಾರಿ, ಗಾಳಿಪಟ, ಪಿಠ್ಲ-ಭಾಕ್ರಿ ಊಟ ಎಲ್ಲ ಸೇರಿಸಿ ಒಂದು ದಿನದ ಪ್ಯಾಕೇಜು ಮಾಡಿದ್ದಾರೆ. ನಿಮ್ಮಲ್ಲೂ ಹಲವರು ಹೋಗಿರಬಹುದು.

ಜನವರಿಯ ಮೊದಲ ಭಾನುವಾರ ನಾವೂ ಹೋದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಮತ್ತು ಅವ್ವ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷದಿಂದ ಅವ್ವ ಹಡಪಸರಿನ ನಮ್ಮ ಮನೆಯಲ್ಲೇ ಇದ್ದಾಳೆ. ಮಗ ಅವಳನ್ನು ನಮ್ಮೂರ ರೂಢಿಯಂತೆ ‘ಆಯಿ’ ಅಂತ ಕರೆಯುತ್ತಾನೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಸೊಸೈಟಿಯ ಹುಡುಗರಿಗೆ ಇದನ್ನು ಬಿಡಿಸಿ ಹೇಳುವುದೇ ಅವನಿಗೊಂದು ಕೆಲಸ.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಸವಾರಿಯ ಹಿಂದೆ ನನ್ನ ಲೆಕ್ಕಾಚಾರ ಇತ್ತು. ಇಂಡಿ ತಾಲೂಕಿನ ನಮ್ಮ ನಾಲ್ಕು ಎಕರೆ ಎರಿಹೊಲ ಈಗ ಅವ್ವನ ಹೆಸರಿನಲ್ಲಿದೆ. ಊರಲ್ಲೊಬ್ಬರು ಪಾಲಿಗೆ ಮಾಡುತ್ತಿದ್ದಾರೆ. ಕಾಕಾನ ಮಗ ಕೊಳ್ಳಲು ತಯಾರಿದ್ದ. ನನಗೂ ಎರಡು ಕೋಣೆಯ ಮನೆ ಸಾಲದಾಗಿತ್ತು. ಹೊಲದ ಗಾಳಿ ಕುಡಿದು ಅವ್ವನ ಮನಸ್ಸು ಹಗುರಾದಾಗ ಸಹಿಯ ಮಾತು ತೆಗೆಯಬೇಕೆಂದು ಕಾಗದಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಟಿದ್ದೆ.

ಸೊಲ್ಲಾಪುರ ರಸ್ತೆಯಲ್ಲಿ ಯವತ್ ದಾಟಿ ಒಳಗೆ ತಿರುಗಿದರೆ ಆ ತೋಟ. ಬಾಗಿಲಲ್ಲೇ ತಲೆಗೆ 800 ರೂಪಾಯಿ, ಮಕ್ಕಳಿಗೆ ಅರ್ಧ. ಮುಂಗೈಗೆ ಕಾಗದದ ಪಟ್ಟಿ ಕಟ್ಟಿದರು. ಅವ್ವ ಪಟ್ಟಿಯನ್ನು ತಿರುಗಿಸಿ ನೋಡಿ ಕೇಳಿದಳು, “ಎಷ್ಟ ಕೊಟ್ಟಿ?”

ಹೇಳಿದೆ.

“ಸೀತನಿಗೂ ರೊಕ್ಕ ತಗೋತಾರೇನೋ? ನಿಮ್ಮಪ್ಪ ದಾರಿ ಹಿಡದು ಹೊಂಟವರನ್ನ ಕರದು ಕುಂದರಿಸಿ ತಿನಸ್ತಿದ್ರು.”

ನಾನು ಉತ್ತರ ಕೊಡಲಿಲ್ಲ. ಮಗ ಆಗಲೇ ಎತ್ತಿನ ಗಾಡಿಯ ಸರದಿಯಲ್ಲಿ ನಿಂತಿದ್ದ.

ಬಾಗಿಲ ಹತ್ತಿರ ಐದಾರು ಸಾಲು ಜೋಳ ನಿಂತಿತ್ತು. ಎಲ್ಲರೂ ಅಲ್ಲೇ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದರಾಚೆ ಕಣ್ಣು ಹಾಯುವವರೆಗೂ ಕಬ್ಬು. ಜೋಳದ ನಡುವೆ ಹೋಗಿ ನಿಂತ ಅವ್ವ ತೆನೆಯೊಂದನ್ನು ಉಗುರಿನಿಂದ ಒತ್ತಿ, “ಇದು ತಿನ್ನೂದಲ್ಲ, ನೋಡೂದು” ಅಂದಳು.

ಅತ್ತ ಚಪ್ಪರದ ಕೆಳಗೆ ಸಣ್ಣ ಸಣ್ಣ ಕುಣಿ ತೋಡಿ ಕುಳ್ಳು ಹೊತ್ತಿಸಿದ್ದರು. ನಮ್ಮ ಕುಣಿಯ ಮುಂದೆ ತೆನೆ ಸುಡುತ್ತಿದ್ದ ಹೆಂಗಸು ಸುಟ್ಟ ತೆನೆಯನ್ನು ತಿಕ್ಕಿ ತಟ್ಟೆಗೆ ಹಾಕುತ್ತ, ಪಕ್ಕದವಳಿಗೆ ಮೆಲ್ಲಗೆ “ಬೆಂಕಿ ಆರಾಕತ್ತೈತಿ, ಕುಳ್ಳ ತಾ” ಅಂದಳು. ಅವ್ವ ತಟಕ್ಕನೆ ತಲೆ ಎತ್ತಿದಳು.

“ಯಾವೂರವ್ವಾ ನಿಂದು?”

“ಇಂಡಿ ಕಡೇದವ್ರ್ರೀ ಎವ್ವಾ.”

ಅಲ್ಲಿಂದ ಮುಂದೆ ಅವರಿಬ್ಬರದೇ ಮಾತು. ಗಂಡ ಹೆಂಡತಿ ಕಬ್ಬು ಕಡಿಯಲು ಬಂದವರು. ಗಂಡ ಇನ್ನೂ ಕಬ್ಬಿನ ಟೋಳಿಯಲ್ಲಿದ್ದಾನೆ. ಇವಳನ್ನು ಸೀತನಿಯ ಎರಡು ತಿಂಗಳಿಗೆ ಮಾಲೀಕರು ಇಲ್ಲಿ ಇಟ್ಟುಕೊಂಡಿದ್ದಾರೆ. ತೆನೆ ಈ ತೋಟದ್ದಲ್ಲ, ಬೆಳಗಿನ ಜಾವ ಟೆಂಪೋದಲ್ಲಿ ಬರುತ್ತದೆ. “ಕಾಳ ಬಲತಾವ, ಎಂಟ ದಿನದ ಹಿಂದ ಮುರೀಬೇಕಿತ್ತು” ಎಂದು ಅವ್ವ ಅಂದಾಗ, ಅವಳು ನಕ್ಕು, “ಇಲ್ಲಿ ಯಾರಿಗಿ ಗೊತ್ತಾಗ್ತೈತ್ರೀ?” ಅಂದಳು.

ಅವ್ವ ತಾನೇ ಒಂದು ತೆನೆ ತೆಗೆದುಕೊಂಡಳು. ನನಗೆ ಮುಟ್ಟಲಾಗದ ಬಿಸಿಯದು. ಎರಡು ಅಂಗೈ ನಡುವೆ ತಿಕ್ಕಿ, ಊದಿ, ಹೊಟ್ಟು ಹಾರಿಸಿ, ಹಸಿರು ಕಾಳನ್ನು ಮುಷ್ಟಿಯಲ್ಲಿ ಹಿಡಿದು ಮೊಮ್ಮಗನತ್ತ ಚಾಚುತ್ತಾಳೆಂದುಕೊಂಡೆ. ಆದರೆ ಆ ಹೆಂಗಸಿನತ್ತ ಚಾಚಿದಳು.

“ಹಿಡಿ. ಮುಂಜಾನಿಂದ ಮಂದೀಗೆ ತಿನಸಾಕತ್ತಿ, ನೀ ಏನರ ತಿಂದಿಯೋ ಇಲ್ಲೊ?”

ಅವಳು ಮೇಲ್ವಿಚಾರಕನತ್ತ ನೋಡಿದಳು. “ಬ್ಯಾಡ್ರೀ, ಬೈತಾರ.”

“ರೊಕ್ಕ ಕೊಟ್ಟೀವಿ. ನನ್ನ ಪಾಲಿಂದು ನಾ ಯಾರಿಗರ ಕೊಡ್ತೀನಿ. ಕುಂದರ.”

ಅವಳು ಕುಳಿತಳು. ತಟ್ಟೆಯಲ್ಲಿದ್ದ ಶೇಂಗಾ ಹಿಂಡಿಯನ್ನು ಅವ್ವ ಅವಳ ಅಂಗೈಗೆ ಹಾಕಿದಳು, ಬೆಲ್ಲ ಮುರಿದು ಕೊಟ್ಟಳು. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಟೀವಿಯ ಮುಂದೆ ಅತಿಥಿಯ ಹಾಗೆ ಕೂತಿರುತ್ತಿದ್ದ ಅವ್ವ, ಬೇರೆಯವರ ತೋಟದಲ್ಲಿ, ದುಡ್ಡು ಕೊಟ್ಟು ಕೂತ ಜಾಗದಲ್ಲಿ, ಹೊಲದ ಒಡತಿಯಾಗಿದ್ದಳು. ಮಗ ಓಡಿ ಬಂದು ಪಕ್ಕದಲ್ಲಿ ಕುಳಿತು ತಾನೂ ಕೈಯೊಡ್ಡಿದ. ಅವನಿಗೆ ತಿಕ್ಕುವುದನ್ನು ಕಲಿಸುವಾಗ ಅವ್ವ ಸಕ್ಕರಿ ಮುಕ್ಕರಿ ಜೋಳದ ಸುದ್ದಿ ಹೇಳಿದಳು. ಅದು ಸೀತನಿಗೆಂದೇ ಬಿತ್ತುವ ತಳಿ. ಅಪ್ಪ ಪ್ರತಿ ವರ್ಷ ಬದುವಿನ ಪಕ್ಕ ನಾಲ್ಕು ಸಾಲು ಅದನ್ನೇ ಹಾಕುತ್ತಿದ್ದರು. ಹಿಂಗಾರಿಯಲ್ಲಿ ಬಿತ್ತಿದ ಜೋಳ ಮಳೆ ನಿಂತ ಮೇಲೂ ಎರಿಭೂಮಿಯ ಹಸಿಯನ್ನೇ ಹೀರಿ ಬೆಳೆಯುತ್ತದೆ ಎಂದಾಗ ಮಗ, “ಯಾರೂ ನೀರು ಹಾಕಲ್ವಾ?” ಅಂತ ಎರಡು ಸಲ ಕೇಳಿದ.

ಮರಳುವಾಗ ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, “ಸಹಿ ಸಲುವಾಗಿ ಕರಕೊಂಡ ಬಂದೀದಿ ಅಂತ ನನಗ ಗೊತ್ತೈತಿ. ಬ್ಯಾಗಿನ್ಯಾಗ ಕಾಗದ ನೋಡೀನಿ.”

ನನ್ನ ಮುಖ ಬಿಸಿಯಾಯಿತು. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು.

“ಮಾರೂದಿದ್ರ ಮಾರು. ನಿನಗೂ ಅಡಚಣಿ ಇರತಾವ. ಆದ್ರ ಈ ಹುಡುಗನ್ನ ಒಮ್ಮೆ ನಮ್ಮ ಹೊಲದಾಗ ಕುಂದರಿಸಿ ಸೀತನಿ ತಿನಸು. ಆಮ್ಯಾಲ ಸಹಿ ಮಾಡ್ತೀನಿ. ಅವಂಗ ತಾನು ಏನ್ ತಿಂದೆ ಅಂತರ ಗೊತ್ತಿರಲಿ.”

ಆ ರಾತ್ರಿ ಪಾಲಿನವರಿಗೆ ಫೋನು ಮಾಡಿದೆ. ಈ ಸಲ ಬಿತ್ತನೆ ತಡವಾಗಿದೆಯಂತೆ, ಸಂಕ್ರಮಣಕ್ಕೆ ಸೀತನಿ ಸರಿಯಾಗಿ ಬರುತ್ತದಂತೆ. “ಅವ್ವಾರು ಬರ್ತಾರಂದ್ರ ನಾಲ್ಕ ಸಾಲ ಹಂಗ ಬಿಡ್ತೀನ್ರೀ” ಅಂದರು. ಸೊಲ್ಲಾಪುರದ ಮೇಲಿಂದ ಇಂಡಿ ರೋಡಿಗೆ ನಾಲ್ಕು ಟಿಕೆಟ್ ತೆಗೆಸಿದ್ದೇನೆ.

ಕಾಗದಗಳು ಬ್ಯಾಗಿನಿಂದ ಬೀರುವಿಗೆ ಹೋಗಿವೆ. ಹೊಲ ಮಾರುತ್ತೇನೋ ಇಲ್ಲವೋ ಇವತ್ತು ಹೇಳಲಾರೆ, ಸಾಲದ ಕಂತು ಯಾರ ಮಾತೂ ಕೇಳುವುದಿಲ್ಲ. ಮಗ ಮಾತ್ರ ಕ್ಯಾಲೆಂಡರಿನಲ್ಲಿ ಸಂಕ್ರಮಣಕ್ಕೆ ಗುರುತು ಹಾಕಿ, ಅಲ್ಲಿ ಹೋಗಲು ತಲೆಗೆ ಎಷ್ಟು ಅಂತ ಕೇಳಿದ. ಅವ್ವ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದು.